ಅಜ್ಜ ಅಜ್ಜಿಯ ಬಾಲ್ಯ ಕೇಳಿ ಬರೆದಿಡುವ ಕ್ರಮ

“ನಿಮ್ಮ ಬಾಲ್ಯ ಹೇಗಿತ್ತು ಅಜ್ಜಿ?” ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಎರಡೇ ಉತ್ತರ. ಒಂದು, “ಏನ್ ಹೇಳೋದು ಮಗಾ, ಬರೀ ಕಷ್ಟ.” ಇನ್ನೊಂದು, “ನಮ್ಮ ಕಾಲದಲ್ಲಿ ಹೀಗೆಲ್ಲ ಇರ್ಲಿಲ್ಲ.” ಮೊದಲನೆಯದು ಮಾತನ್ನು ಅಲ್ಲಿಗೇ ಮುಗಿಸುತ್ತದೆ, ಎರಡನೆಯದು ಐದು ನಿಮಿಷದಲ್ಲಿ ಉಪದೇಶಕ್ಕೆ ತಿರುಗುತ್ತದೆ. ಕೇಳಿದ ಮೊಮ್ಮಗ ಮತ್ತೆ ಆ ಕಡೆ ಸುಳಿಯುವುದಿಲ್ಲ. ತಪ್ಪು ಅಜ್ಜಿಯದಲ್ಲ, ಪ್ರಶ್ನೆಯದು. ಅಭಿಪ್ರಾಯ ಕೇಳಿದರೆ ಅಭಿಪ್ರಾಯವೇ ಸಿಗುತ್ತದೆ. ಎರಡು ತಲೆಮಾರು ಬೆಳೆದ ರೀತಿಯಲ್ಲಿ ಏನು ವ್ಯತ್ಯಾಸ ಎಂಬುದು ತಿಳಿಯಬೇಕಾದರೆ ವಸ್ತು, ಅಳತೆ, ಹೊತ್ತು, ಜಾಗ, ಹೆಸರು ಕೇಳಬೇಕು. ಎಷ್ಟು ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದಿರಿ, ನೀರು ಎಲ್ಲಿಂದ, ಎಷ್ಟು ಕೊಡ, ಯಾರು ತರುತ್ತಿದ್ದರು: ಇಂಥವು.

ಇದಕ್ಕೆ ಬೇಕಾದದ್ದು ಒಂದು ಫೋನು, ಒಂದು ನೋಟ್‌ಬುಕ್ಕು, ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಒಬ್ಬ ಹಿರಿಯರಿಗೆ ನಾಲ್ಕರಿಂದ ಆರು ಬೈಠಕ್ಕು ಇಟ್ಟುಕೊಳ್ಳಿ. ಒಂದೇ ದಿನ ಕೂತು ಮುಗಿಸಲು ಹೋದರೆ ಅವರಿಗೆ ದಣಿವು, ನಿಮಗೆ ಬೇಸರ. ಜೊತೆಗೆ ಮೊದಲ ದಿನ ಕೇಳಿದ್ದು ತಲೆಯಲ್ಲಿ ಕುದಿದು, ಎರಡನೆಯ ವಾರದ ಹೊತ್ತಿಗೆ ಅವರಿಗೇ ಇನ್ನಷ್ಟು ನೆನಪಾಗಿರುತ್ತದೆ. ಆ ಲಾಭ ಬಿಡಬಾರದು.

ಕೂರುವ ಮುಂಚೆ ತಿಳಿದಿರಬೇಕಾದದ್ದು

ಎಂಬತ್ತು ದಾಟಿದವರಾದರೆ ಅವರು ಹುಟ್ಟಿದ ಊರು ಆಗ ಯಾವ ಆಡಳಿತದಲ್ಲಿತ್ತು ಎಂಬುದನ್ನು ನೋಡಿಕೊಳ್ಳಿ. 1956ರ ನವೆಂಬರ್ 1ಕ್ಕಿಂತ ಮೊದಲು ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬಯಿಗೆ ಸೇರಿದ್ದವು. ಬೀದರ, ಕಲಬುರಗಿ, ರಾಯಚೂರು ಹೈದರಾಬಾದಿಗೆ. ಮಂಗಳೂರು, ಉಡುಪಿ, ಕೊಳ್ಳೇಗಾಲ ಮದರಾಸಿಗೆ. ಬಳ್ಳಾರಿಯೂ 1953ರವರೆಗೆ ಮದರಾಸಿನದೇ. ಕೊಡಗು ತನ್ನ ಪಾಡಿಗೆ ಬೇರೆ. ಇದು ಬರೀ ನಕ್ಷೆಯ ವಿಚಾರವಲ್ಲ. ನಿಜಾಮನ ಸೀಮೆಯಲ್ಲಿ ಶಾಲೆ ಕಲಿತವರು ಉರ್ದುವಿನಲ್ಲಿ ಓದಿರಬಹುದು, ನಿಜಾಮನ ಸರಕಾರದ್ದೇ ಆದ ಹಾಲಿ ಸಿಕ್ಕಾ ರೂಪಾಯಿ ಎಣಿಸಿರಬಹುದು. ಧಾರವಾಡದ ಕಡೆಯವರು ‘ಮುಲ್ಕಿ ಪರೀಕ್ಷೆ ಪಾಸಾದೆ’ ಎಂದರೆ ಅದು ಏಳನೆಯ ಇಯತ್ತೆಯ ಪರೀಕ್ಷೆ. ಹಳೇ ಮೈಸೂರಿನವರು ‘ಎಲ್.ಎಸ್.’ ಎನ್ನುತ್ತಾರೆ, ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ. ಇದು ಗೊತ್ತಿಲ್ಲದೆ ಕೂತರೆ ನಡುವೆ ನಿಲ್ಲಿಸಿ ನಿಲ್ಲಿಸಿ ಅರ್ಥ ಕೇಳಬೇಕಾಗುತ್ತದೆ. ಮಾತಿನ ಓಟ ಕೆಡುವುದೇ ಅಲ್ಲಿ.

ಮನೆಯಲ್ಲಿ ಹಳೆಯ ಟ್ರಂಕು, ಕಪಾಟಿನ ಮೇಲಿನ ಗಂಟು ಇದ್ದರೆ ಹಿಂದಿನ ದಿನವೇ ತೆಗೆಸಿ. ಮಾರ್ಕ್ಸ್ ಕಾರ್ಡು, ಜಾತಕ, ಲಗ್ನಪತ್ರಿಕೆ, ರೇಷನ್ ಕಾರ್ಡು, ಹಿಂಬದಿಯಲ್ಲಿ ಸ್ಟುಡಿಯೋದ ಮೊಹರಿರುವ ಫೋಟೊ ಇವೆಲ್ಲ ಕೆಲಸಕ್ಕೆ ಬರುತ್ತವೆ. ಒಂದು ಫೋಟೊ ಕೈಗಿಟ್ಟು “ಇದರಲ್ಲಿ ಕೊನೆಗೆ ನಿಂತವರು ಯಾರು?” ಎಂದರೆ ಸಾಕು, ಅರ್ಧ ಗಂಟೆ ತಾನಾಗಿ ಕಳೆಯುತ್ತದೆ. ಫೋಟೊದ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನು ಒತ್ತಿ ಬರೆದರೆ ಮುಂಬದಿಗೆ ಗೀರು ಏಳುತ್ತದೆ. ಹರಿದ ಕಾಗದಕ್ಕೆ ಸೆಲ್ಲೋಟೇಪು ಬೇಡ, ಲ್ಯಾಮಿನೇಶನ್ನಂತೂ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಬಿಚ್ಚಲಾಗುವುದಿಲ್ಲ. ಕಿಟಕಿ ಪಕ್ಕದ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮುಂದೆ ಹಿಂದೆ ಎರಡೂ ಕಡೆ ಫೋನಿನಲ್ಲಿ ತೆಗೆದುಕೊಳ್ಳಿ.

ಫೋನು ಎಲ್ಲಿಡಬೇಕು

ಮಾತಾಡುವವರ ಬಾಯಿಂದ ಒಂದು ಮೊಳ ದೂರ, ಮಡಿಸಿದ ಟವೆಲ್ಲಿನ ಮೇಲೆ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದು, ಕೈ ತಾಗಿದ ಸದ್ದು ಎಲ್ಲ ಗುಡುಗಿದಂತೆ ದಾಖಲಾಗುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲವಾದರೆ ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲಬಹುದು, ನಿಂತದ್ದು ಗೊತ್ತಾಗುವುದು ಮುಗಿದ ಮೇಲೆ. ಫ್ಯಾನು ಆರಿಸಿ. ನಮ್ಮ ಕಿವಿ ಫ್ಯಾನಿನ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮೈಕು ತೆಗೆದುಕೊಳ್ಳುತ್ತದೆ. ಸೆಕೆಯಾದರೆ ಬೀಸಣಿಗೆ ಕೊಡಿ. ಟಿವಿ, ಮಿಕ್ಸಿ, ಕುಕ್ಕರಿನ ಸೀಟಿ ಇರದ ಹೊತ್ತು ನೋಡಿಕೊಂಡರೆ ಬೆಳಿಗ್ಗೆ ತಿಂಡಿ ಕಾಫಿ ಮುಗಿದ ಮೇಲಿನ ಹತ್ತೂವರೆ, ಇಲ್ಲವೇ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ನಾಲ್ಕು ಗಂಟೆ ಒಳ್ಳೆಯದು.

ಒಂದು ನಿಮಿಷ ಪರೀಕ್ಷೆಗೆ ರೆಕಾರ್ಡ್ ಮಾಡಿ ಕೇಳಿಯೇ ಶುರು ಮಾಡಿ. ಆರಂಭದಲ್ಲಿ ತಾರೀಖು, ಊರು, ಯಾರ ಜೊತೆ ಯಾರು ಎಂದು ನಿಮ್ಮ ಧ್ವನಿಯಲ್ಲೇ ಹೇಳಿ. ಫೈಲಿನ ಹೆಸರು ಅಳಿಸಿಹೋದರೂ ಗುರುತು ಉಳಿಯುತ್ತದೆ. ಜಾಗದ ಚಿಂತೆ ಬೇಡ. 128 ಕೆಬಿಪಿಎಸ್‌ನ ಎಂಪಿ3 ಗಂಟೆಗೆ ಸುಮಾರು 58 ಎಂಬಿ. ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲಾದರೆ, ಮೊನೋದಲ್ಲಿ (ಒಂದೇ ಚಾನೆಲ್), ಗಂಟೆಗೆ ಸುಮಾರು 320 ಎಂಬಿ. ಫೋನಿನಲ್ಲಿ ಜಾಗವಿದ್ದರೆ ಎರಡನೆಯದೇ ಮೇಲು.

ಕಿವಿ ಮಂದವಾದವರ ಜೊತೆ ಕೂಗಬೇಡಿ. ಕೂಗಿದಾಗ ಧ್ವನಿ ಕೀರಲಾಗುತ್ತದೆ, ಅವರಿಗೆ ಇನ್ನೂ ಕಡಿಮೆ ಕೇಳುತ್ತದೆ. ಎದುರಿಗೆ, ಮುಖ ಕಾಣುವಂತೆ ಕೂತು ತಗ್ಗು ದನಿಯಲ್ಲಿ ನಿಧಾನಕ್ಕೆ ಕೇಳಿ. ಪರದೇಶದಲ್ಲಿರುವ ಮೊಮ್ಮಕ್ಕಳು ವೀಡಿಯೊ ಕರೆಯಲ್ಲಿ ಕೇಳುವುದಾದರೆ, ಅಜ್ಜಿಯ ಪಕ್ಕ ಇನ್ನೊಂದು ಫೋನು ಇಡಿಸಿ ಅದರಲ್ಲಿ ರೆಕಾರ್ಡ್ ಮಾಡಿಸಿ. ಕರೆಯ ಧ್ವನಿ ತುಂಡಾದರೂ ಊರಿನ ರೆಕಾರ್ಡಿಂಗ್ ಸ್ವಚ್ಛವಾಗಿರುತ್ತದೆ.

ಒಂದು ದಿನವನ್ನು ಹಿಡಿದು ಕೇಳುವುದು

ಮೊದಲ ಬೈಠಕ್ಕಿಗೆ ಇಡೀ ಬದುಕು ಬೇಡ. ಅವರಿಗೆ ಹತ್ತು ವರ್ಷವಿದ್ದಾಗಿನ ಒಂದು ಮಾಮೂಲಿ ದಿನ ಸಾಕು. ಏಳುವುದರಿಂದ ಶುರು ಮಾಡಿ.

“ಅಜ್ಜಿ, ಎದ್ದಾಗ ಯಾವುದರ ಮೇಲೆ ಮಲಗಿರ್ತಿದ್ರಿ? ಚಾಪೆಯೋ, ಕಂಬಳಿಯೋ? ಪಕ್ಕದಲ್ಲಿ ಯಾರು?” ಹಲ್ಲುಜ್ಜಲು ಇದ್ದಿಲೋ, ಉಪ್ಪೋ, ಬೇವಿನ ಕಡ್ಡಿಯೋ. ಬಹಿರ್ದೆಸೆಗೆ ಎಲ್ಲಿಗೆ. ತಲೆಗೆ ಸೀಗೆಕಾಯಿಯೋ ಅಂಟುವಾಳವೋ, ವಾರದಲ್ಲಿ ಯಾವ ದಿನ. ಒಟ್ಟು ಎಷ್ಟು ಜೊತೆ ಬಟ್ಟೆ, ಹೊಸತು ಯಾವ ಹಬ್ಬಕ್ಕೆ, ಅಣ್ಣನದು ಹರಿದ ಮೇಲೆ ಯಾರಿಗೆ. ಬೆಳಿಗ್ಗೆ ಹೊಟ್ಟೆಗೆ ಏನು: ತಂಗಳೋ, ಗಂಜಿಯೋ, ರೊಟ್ಟಿಯೋ. ಅನ್ನ ವಾರದಲ್ಲಿ ಎಷ್ಟು ದಿನ? ರಾಗಿ, ಜೋಳದ ಸೀಮೆಯಲ್ಲಿ ಈ ಕೊನೆಯ ಪ್ರಶ್ನೆ ತಪ್ಪಿಸಬೇಡಿ. ಅನ್ನವೆಂದರೆ ಹಬ್ಬ ಎಂದು ಬೆಳೆದವರಿಗೂ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವವರಿಗೂ ನಡುವಿನ ಜಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ, ಅದರ ಬೇರು ಇಲ್ಲಿದೆ.

ಶಾಲೆಗೆ ಬಂದಾಗ: ಸ್ಲೇಟು ಒರೆಸಲು ಯಾವ ಸೊಪ್ಪು, ಬಳಪ ಎಲ್ಲಿಂದ, ಮಗ್ಗಿ ಎಷ್ಟರವರೆಗೆ, ಶಿಕ್ಷೆ ಏನು, ಬಸ್ಕಿಯೋ ಬೆತ್ತವೋ ಕೋದಂಡವೋ. ಸೇರಿಸಿಕೊಂಡದ್ದು ಹೇಗೆ? ತಲೆಯ ಮೇಲಿಂದ ಬಲಗೈ ಹಾಕಿ ಎಡಗಿವಿ ಮುಟ್ಟಿದರೆ ವಯಸ್ಸಾಯಿತೆಂದು ಲೆಕ್ಕ ಹಿಡಿಯುತ್ತಿದ್ದ ಶಾಲೆಗಳು ಎಷ್ಟೋ. ಅರವತ್ತು ಎಪ್ಪತ್ತರ ದಶಕದಲ್ಲಿ ಸರಕಾರಿ ಶಾಲೆಗೆ ಹೋದವರನ್ನು ಅಮೆರಿಕದಿಂದ ಬರುತ್ತಿದ್ದ ಹಾಲಿನಪುಡಿ, ಉಪ್ಪಿಟ್ಟಿನ ಬಗ್ಗೆ ಕೇಳಿ. ಅದರ ವಾಸನೆ ಇಷ್ಟವಾಗದವರೂ ಸಿಗುತ್ತಾರೆ, ಅದಕ್ಕಾಗಿಯೇ ಶಾಲೆಗೆ ಹೋದವರೂ ಸಿಗುತ್ತಾರೆ. ಸಂಜೆಗೆ ದೀಪ: ಬುಡ್ಡಿಯೋ, ಲಾಂದ್ರವೋ, ಚಿಮಣಿ ಎಣ್ಣೆ ಎಲ್ಲಿಂದ, ಒಂದೇ ದೀಪವಿದ್ದರೆ ಅದು ಓದುವ ಮಗುವಿನ ಮುಂದೋ ಒಲೆಯ ಮುಂದೋ.

ಇಲ್ಲಿ ಎರಡು ಕಡೆ ಎಡವುವುದುಂಟು. ಒಂದು, ಅಜ್ಜ ಪಕ್ಕದಲ್ಲಿದ್ದರೆ ಅಜ್ಜಿಯ ಬಾಯಿ ಕಟ್ಟುತ್ತದೆ. ಅವಳಿಗೆ ಕೇಳಿದ್ದಕ್ಕೆ ಅವರೇ ಉತ್ತರ ಕೊಡುತ್ತಾರೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಲೇಬೇಕು. ಅಜ್ಜಿಯ ಕೈಗೆ ಸದ್ದಿಲ್ಲದ ಕೆಲಸ ಕೊಡಿ, ಹೂ ಕಟ್ಟುವುದು, ಅವರೆಕಾಯಿ ಬಿಡಿಸುವುದು. ಕೈ ಆಡುತ್ತಿದ್ದರೆ ಮಾತು ಸಲೀಸು. ತೆಂಗಿನಕಾಯಿ ತುರಿಯುವುದು ಬೇಡ, ರೆಕಾರ್ಡಿಂಗ್ ಕೆಡುತ್ತದೆ.

ಇನ್ನೊಂದು, ಉಪದೇಶ. “ಈಗಿನವರಿಗೆ ತಾಳ್ಮೆಯೇ ಇಲ್ಲ” ಎಂದು ಶುರುವಾದರೆ ವಾದಿಸಬೇಡಿ, ತಡೆಯಲೂ ಬೇಡಿ. ಉಸಿರು ತೆಗೆದುಕೊಂಡಾಗ ಒಂದು ವಸ್ತುವಿನ ಪ್ರಶ್ನೆ ಹಾಕಿ. “ಹೌದಜ್ಜಾ, ಆಗ ಬಸ್ಸಿಗೆ ಎಷ್ಟ್ ಹೊತ್ತು ಕಾಯ್ತಿದ್ರಿ? ದಿನಕ್ಕೆ ಎಷ್ಟ್ ಬಸ್ಸು ಬರ್ತಿತ್ತು?” ಎಂದರೆ ತಾಳ್ಮೆಯ ಮಾತು ಬಸ್ಸಿನ ಕಥೆಯಾಗುತ್ತದೆ. “ಆಗ ಎಲ್ಲಾ ಚೆನ್ನಾಗಿತ್ತು” ಎಂದಾಗ ಕೇಳಬೇಕಾದದ್ದು: “ಜ್ವರ ಬಂದ್ರೆ ಯಾರ ಹತ್ರ ಹೋಗ್ತಿದ್ರಿ? ಹೆರಿಗೆ ಎಲ್ಲಿ ಆಗ್ತಿತ್ತು? ನಿಮ್ಮಮ್ಮ ಹೆತ್ತದ್ದೆಷ್ಟು, ಉಳಿದದ್ದೆಷ್ಟು?” ಕೊನೆಯದನ್ನು ಮೊದಲ ದಿನವೇ ಕೇಳಬೇಡಿ.

ನಿಮ್ಮ ಮನೆಯಲ್ಲಿ ಅಜ್ಜಿಗೆ ‘ನೀನು’ ಎನ್ನುವ ರೂಢಿಯಿದ್ದರೆ ರೆಕಾರ್ಡಿಂಗಿಗೆಂದು ‘ತಾವು’ ಎನ್ನಲು ಹೋಗಬೇಡಿ. ಆಯಿ, ಮುತ್ಯಾ, ದೊಡ್ಡಮ್ಮ, ಏನು ಕರೆಯುತ್ತೀರೋ ಅದೇ ಇರಲಿ. ದನಿ ಬದಲಾದರೆ ಅವರೂ ಭಾಷಣದ ಕನ್ನಡಕ್ಕೆ ಏರಿಬಿಡುತ್ತಾರೆ. ಮನೆಮಾತು ತುಳು, ಕೊಂಕಣಿ, ಉರ್ದು, ಹವ್ಯಕ, ಅರೆಭಾಷೆ ಯಾವುದೇ ಆಗಲಿ, ಅದರಲ್ಲೇ ಕೇಳಿ.

ವರ್ಷ ಹಿಡಿಯುವುದು

ಹಿರಿಯರು ಹೇಳುವ ಹುಟ್ಟಿದ ತಾರೀಖು ಜೂನ್ 1 ಆಗಿದ್ದರೆ ಅನುಮಾನಿಸಿ. ಶಾಲೆ ಸೇರುವಾಗ ವಯಸ್ಸು ಹೊಂದಿಸಲು ಮೇಷ್ಟ್ರು ಬರೆದುಕೊಂಡ ತಾರೀಖು ಅದು ಇರಬಹುದು. ನಿಜವಾದದ್ದು ಜಾತಕದಲ್ಲಿ, ಅಥವಾ ಮನೆಯವರ ಬಾಯಲ್ಲಿ ಸಂವತ್ಸರದ ಹೆಸರಾಗಿ ಉಳಿದಿರುತ್ತದೆ. ಅದನ್ನು ಇಸವಿಗೆ ತಿರುಗಿಸುವುದು ಸುಲಭ. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ 1927ರ ಯುಗಾದಿಗೆ ಬಂದಿತ್ತು, ಮತ್ತೆ 1987ಕ್ಕೆ ಬಂತು. ಪಂಚಾಂಗದ ಪಟ್ಟಿಯಲ್ಲಿ ನಿಮಗೆ ಬೇಕಾದ ಸಂವತ್ಸರ ಎಷ್ಟನೆಯದು ನೋಡಿ, ಅದರಲ್ಲಿ ಒಂದು ಕಳೆದು 1927ಕ್ಕೆ ಕೂಡಿಸಿ. ಖರ ಇಪ್ಪತ್ತೈದನೆಯದು, 1927ಕ್ಕೆ 24 ಕೂಡಿದರೆ 1951. ಆದರೆ ಖರದ ಮಾಘದಲ್ಲಿ ಹುಟ್ಟಿದವರ ಇಸವಿ 1952, ಏಕೆಂದರೆ ಸಂವತ್ಸರ ಯುಗಾದಿಯಿಂದ ಯುಗಾದಿಗೆ, ಮಾಘ ಬರುವುದು ಜನವರಿ-ಫೆಬ್ರವರಿಯ ಸುಮಾರಿಗೆ. ಈ ಒಂದು ವರ್ಷದ ತಪ್ಪು ತುಂಬಾ ಸಾಮಾನ್ಯ.

ಉಳಿದ ಘಟನೆಗಳಿಗೆ ಊರಿಗೆಲ್ಲ ಗೊತ್ತಿರುವ ಗುರುತು ಬೇಕು. “ಎಷ್ಟನೇ ಇಸವಿ?” ಎಂದರೆ ಊಹೆ ಹೇಳುತ್ತಾರೆ. “ಗಾಂಧೀಜಿ ಹೋದಾಗ ನಿಮಗೆ ಎಷ್ಟು ತಿಳಿವಳಿಕೆ ಇತ್ತು, ಎಲ್ಲಿದ್ರಿ?” ಎಂದರೆ ನೆನಪು ಹೇಳುತ್ತಾರೆ. ಅದು 1948ರ ಜನವರಿ 30. ನಿಜಾಮನ ಸೀಮೆಯವರಿಗೆ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಅದೇ ವರ್ಷದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಅದಕ್ಕೆ ಹಿಂದಿನ, ನಿಜಾಮನ ಪರವಾಗಿದ್ದ ರಜಾಕಾರರ ಹಾವಳಿ. ನೆಹರೂ ತೀರಿಕೊಂಡದ್ದು 1964ರ ಮೇ 27. 1967ರ ಡಿಸೆಂಬರ್ 11ರ ಬೆಳಗಿನ ಜಾವದ ಕೊಯ್ನಾ ಭೂಕಂಪವನ್ನು ಬೆಳಗಾವಿ ಕಡೆಯವರಿಗೆ ಕೇಳಿ ನೋಡಿ. ಎಪ್ಪತ್ತರ ದಶಕದ ಆರಂಭದ ಬರ ಉತ್ತರದ ಜಿಲ್ಲೆಗಳಲ್ಲಿ. ಉಳುವವನಿಗೆ ಭೂಮಿ ಬಂದ 1974ರ ಕಾಯಿದೆ ಗೇಣಿ ಮನೆಗಳಲ್ಲೂ ಒಡೆಯರ ಮನೆಗಳಲ್ಲೂ, ಎರಡು ಕಡೆ ಎರಡು ಥರ ನೆನಪಿರುತ್ತದೆ. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ಅಂಕೋಲಾ, ಹುಬ್ಬಳ್ಳಿ, ರಾಯಚೂರು ಹಾದಿಯಲ್ಲಿ ಹೋಯಿತು. ಅವತ್ತು ಮನೆಯೊಳಗೆ ಕೂರಿಸಿದ್ದರೋ, ಹೊರಗೆ ಬಂದು ನೋಡಿದರೋ ಎಂಬುದೇ ಒಂದು ಒಳ್ಳೆಯ ಪ್ರಶ್ನೆ. 1982ರ ಗೋಕಾಕ್ ಚಳವಳಿ, 1984ರಲ್ಲಿ ಇಂದಿರಾ ಹತ್ಯೆ, 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಗಿ ಬೀದಿಯವರೆಲ್ಲ ಒಂದೇ ಮನೆಯಲ್ಲಿ ಕೂತದ್ದು, ಇವು ಈಗ ಐವತ್ತು ಅರವತ್ತರಲ್ಲಿರುವವರಿಗೆ.

ಇಂಥ ಎರಡು ಗುರುತುಗಳ ನಡುವೆ ಘಟನೆಯನ್ನು ಕೂರಿಸಿ: “ಕರೆಂಟು ಬಂದದ್ದು ನಿಮ್ಮ ಮದುವೆಗೆ ಮುಂಚೆಯೋ ಆಮೇಲೆಯೋ? ಮೊದಲ ಮಗುವಿಗೆ ಮುಂಚೆಯೋ?” ಹೆಂಗಸರಿಗೆ ಮಕ್ಕಳ ಹುಟ್ಟು ಬಹಳ ಗಟ್ಟಿ ಗುರುತು. ಗಂಡಸರಿಗೆ ನೌಕರಿ, ವರ್ಗಾವಣೆ, ಎತ್ತು ಕೊಂಡ ವರ್ಷ.

ಆಣೆ, ಸೇರು, ಹರದಾರಿ

ರೂಪಾಯಿಗೆ ಹದಿನಾರು ಆಣೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ. ಆದರೆ ಬಾಯಲ್ಲಿ ಆಣೆ ಹೋಗಲಿಲ್ಲ. 12 ಪೈಸೆಗೆ ಎರಡಾಣೆ, 25ಕ್ಕೆ ನಾಲ್ಕಾಣೆ, 50ಕ್ಕೆ ಎಂಟಾಣೆ ಎನ್ನುವುದು ದಶಕಗಳ ಕಾಲ ನಡೆಯಿತು. ನಾಲ್ಕಾಣೆಯ ನಾಣ್ಯ ಚಲಾವಣೆಯಿಂದ ಹೋದದ್ದೇ 2011ರಲ್ಲಿ. ಹಾಗಾಗಿ “ಎರಡಾಣೆಗೆ ದೋಸೆ” ಎಂದ ಮಾತ್ರಕ್ಕೆ 1957ಕ್ಕೆ ಹಿಂದಿನದೆಂದು ಬರೆದುಕೊಳ್ಳಬೇಡಿ.

ಹಳೆಯ ಬೆಲೆಯನ್ನು ಇಂದಿನ ರೂಪಾಯಿಗೆ ಗುಣಿಸಿ ತೋರಿಸುವ ಲೆಕ್ಕಗಳನ್ನು ನಾವು ನೆಚ್ಚುವುದಿಲ್ಲ. ಅದಕ್ಕಿಂತ ದಿನದ ಕೂಲಿ ಎಷ್ಟು, ಆ ಕೂಲಿಗೆ ಎಷ್ಟು ಸೇರು ರಾಗಿ ಅಥವಾ ಜೋಳ ಬರುತ್ತಿತ್ತು, ಒಂದು ಸೀರೆಗೆ ಎಷ್ಟು ದಿನದ ಕೂಲಿ ಎಂದು ಕೇಳಿ. ಇಂದಿನದಕ್ಕೂ ಅದೇ ಲೆಕ್ಕ ಹಾಕಿ ಪಕ್ಕಪಕ್ಕ ಬರೆಯಿರಿ. “ಆಗ ಎಲ್ಲಾ ಅಗ್ಗ” ಎಂಬ ಮಾತು ಎಷ್ಟು ನಿಜ ಎಂಬುದು ಆಗ ಗೊತ್ತಾಗುತ್ತದೆ.

ಸೇರು ಊರೂರಿಗೆ ಬೇರೆ, ಕೆಲವು ಕಡೆ ತೂಕ, ಕೆಲವು ಕಡೆ ಅಳತೆ. ಹಳೇ ಮೈಸೂರಿನಲ್ಲಿ ನಾಲ್ಕು ಪಾವಿಗೆ ಒಂದು ಸೇರು. ಅಟ್ಟದ ಮೇಲೆ ಹಳೆಯ ಸೇರು, ಪಾವು ಇದ್ದರೆ ಅಕ್ಕಿ ತುಂಬಿ, ಅಂಚಿಗೆ ಸರಿಯಾಗಿ ಸವರಿ ಒಮ್ಮೆ, ಗೋಪುರ ಕಟ್ಟಿ ಒಮ್ಮೆ, ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕೂಲಿ ಅಳೆಯುವಾಗ ಸವರುತ್ತಿದ್ದರೋ ಗೋಪುರ ಬಿಡುತ್ತಿದ್ದರೋ ಎಂದೂ ಕೇಳಿ. ಹರದಾರಿ ಎಂದರೆ ಸುಮಾರು ಮೂರು ಮೈಲಿ, ನಲವತ್ತು ಗುಂಟೆಗೆ ಒಂದು ಎಕರೆ, ತೊಲ 11.66 ಗ್ರಾಂ.

“ದಿನಾ ಐದು ಮೈಲಿ ನಡೆದು ಶಾಲೆಗೆ ಹೋಗ್ತಿದ್ದೆ” ಎಂಬುದನ್ನು ಫೋನಿನ ನಕ್ಷೆಯಲ್ಲಿ ಅಳೆದು ನೋಡಬಹುದು. ಆದರೆ ಸುಳ್ಳು ಹಿಡಿದೆ ಎಂದು ಹಿಗ್ಗಬೇಡಿ. ಇಂದಿನ ರಸ್ತೆ ಸೇತುವೆಯ ಮೇಲೆ ನೇರ ಹೋಗುತ್ತದೆ, ಅಂದಿನ ಕಾಲುದಾರಿ ಹಳ್ಳ ಸುತ್ತಿ ಹೋಗುತ್ತಿತ್ತು. ಶರಾವತಿ, ಆಲಮಟ್ಟಿ ಹಿನ್ನೀರಿನ ಊರುಗಳವರಾದರೆ ಆ ದಾರಿಯೇ ನೀರೊಳಗಿದೆ. ಅವರ ಕೈಯಲ್ಲೇ ಕಾಗದದ ಮೇಲೆ ನಕ್ಷೆ ಬರೆಸಿ.

ಕೇಳಲು ಕಷ್ಟವಾದದ್ದು

ಹಸಿವು, ಸತ್ತ ತಮ್ಮ ತಂಗಿಯರು, ಹನ್ನೆರಡಕ್ಕೇ ಬಿಡಿಸಿದ ಶಾಲೆ, ಹದಿನಾಲ್ಕಕ್ಕೆ ಮಾಡಿದ ಮದುವೆ, ಜಾತಿ. ಇವನ್ನು ಬಿಟ್ಟು ಬರೆದ ಬಾಲ್ಯ ಅರ್ಧ ಬಾಲ್ಯ. ಆದರೆ ಮೂರನೆಯ ಬೈಠಕ್ಕಿಗಿಂತ ಮುಂಚೆ, ಹತ್ತು ಜನ ಕೂತಲ್ಲಿ ಕೇಳುವಂಥವಲ್ಲ. ಇಲ್ಲೂ ವಸ್ತುವಿನಿಂದಲೇ ಹೊರಡಿ: “ಬಾವಿ ಎಷ್ಟಿತ್ತು? ಯಾರು ಯಾವುದರಲ್ಲಿ ಸೇದ್ತಿದ್ರು? ಹೋಟೆಲಲ್ಲಿ ಲೋಟ ಒಂದೇ ಇತ್ತಾ? ಕ್ಲಾಸಲ್ಲಿ ಯಾರು ಎಲ್ಲಿ ಕೂರ್ತಿದ್ರು?” ಅನುಭವಿಸಿದ ಮನೆಯವರು ವಿವರವಾಗಿ ಹೇಳುತ್ತಾರೆ. ಅನುಭವಿಸುವಂತೆ ಮಾಡಿದ ಮನೆಯವರು “ನಮ್ಮೂರಲ್ಲಿ ಅಂಥದ್ದೇನೂ ಇರ್ಲಿಲ್ಲ” ಎನ್ನುವುದು ಹೆಚ್ಚು. ಬಾವಿಯ ಪ್ರಶ್ನೆಗೆ ಬಂದ ಉತ್ತರವನ್ನು ಅದರ ಪಕ್ಕದಲ್ಲೇ ಬರೆದಿಡಿ, ಸಾಕು.

ಸುಮ್ಮನಾದರೆ ನೀವೂ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಮುಂದಿನ ಪ್ರಶ್ನೆ ಬೇಡ. ಕೈ ಅಡ್ಡ ಮಾಡಿದರೆ ರೆಕಾರ್ಡಿಂಗ್ ನಿಲ್ಲಿಸಿ, ಆಮೇಲೆ “ಇದನ್ನ ಇಟ್ಕೊಳ್ಲಾ, ಅಳಿಸ್ಲಾ?” ಎಂದು ಕೇಳಿ. ಅಳಿಸು ಎಂದರೆ ಅವರ ಎದುರಿಗೇ ಅಳಿಸಿ. ಯಾವ ಭಾಗ ಮನೆಯೊಳಗೆ ಮಾತ್ರ, ಯಾವುದು ನೆಂಟರ ಗುಂಪಿಗೂ ಸರಿ ಎಂಬುದನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿಕೊಳ್ಳಿ. ಬದುಕಿರುವ ನಾದಿನಿ, ದಾಯಾದಿಗಳ ಜಮೀನು ಜಗಳ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋದರೆ ಮುಂದಿನ ಬೈಠಕ್ಕೇ ಇರುವುದಿಲ್ಲ.

ಈಗ ಕಿರಿಯರ ಸರದಿ

ಕೊನೆಯ ಒಂದು ಬೈಠಕ್ಕು ತಿರುವುಮುರುವು ಆಗಬೇಕು. ಫೋನು ಮೊಮ್ಮಗಳ ಮುಂದೆ, ಪ್ರಶ್ನೆ ಅಜ್ಜಿಯದು. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ, ಹೋಲಿಕೆ ಸಿಗುವುದು ಮಾತ್ರ ಇಲ್ಲೇ. ಇಬ್ಬರಿಗೂ ಇವೇ ಪ್ರಶ್ನೆಗಳಿರಲಿ:

ಹತ್ತು ವರ್ಷದಲ್ಲಿ ಒಬ್ಬರೇ ಎಷ್ಟು ದೂರ ಹೋಗಬಹುದಿತ್ತು?
ದೊಡ್ಡವರ ಕಣ್ಣಿಗೆ ಬೀಳದೆ ದಿನದಲ್ಲಿ ಎಷ್ಟು ಹೊತ್ತು ಇರುತ್ತಿದ್ದಿರಿ?
ಮನೆಗೆಲಸದಲ್ಲಿ ಯಾವುದು ನಿಮ್ಮದೇ ಆಗಿತ್ತು, ಮಾಡದಿದ್ದರೆ ಏನಾಗುತ್ತಿತ್ತು?
ಮೊದಲ ಸಲ ಸ್ವಂತ ದುಡ್ಡು ಕೈಗೆ ಬಂದದ್ದು ಯಾವಾಗ, ಎಷ್ಟು, ಏನು ಮಾಡಿದಿರಿ?
ಏನು ಓದಬೇಕು ಎಂದು ಯಾರು ತೀರ್ಮಾನಿಸಿದರು?
ಅಪ್ಪನಿಗೆ ಎದುರು ಮಾತಾಡಿದ್ದುಂಟೇ?
ಬೇಜಾರಾದಾಗ ಯಾರಿಗೆ ಹೇಳುತ್ತಿದ್ದಿರಿ?

ಮೊದಲ ಪ್ರಶ್ನೆಗೆ ನಕ್ಷೆಯ ಮೇಲೆ ಮೂರು ತಲೆಮಾರಿನ ಗೆರೆ ಎಳೆಯಿರಿ. ಅಜ್ಜನ ಗೆರೆ ಪಕ್ಕದೂರ ಸಂತೆಯವರೆಗೆ, ಅಪ್ಪನದು ಸೈಕಲ್ಲಿನಲ್ಲಿ ಕೆರೆಯವರೆಗೆ, ಮೊಮ್ಮಗಳದು ಅಪಾರ್ಟ್‌ಮೆಂಟಿನ ಗೇಟಿನವರೆಗೆ ಬಂದು ನಿಂತರೆ ಅಚ್ಚರಿಯಿಲ್ಲ. ಆ ಮೇಲೆ “ಈಗಿನ ಮಕ್ಕಳು ಮನೆ ಬಿಟ್ಟು ಹೊರಗೇ ಬರಲ್ಲ” ಎಂದು ಅಜ್ಜ ಹೇಳಿದರೆ, ಗೇಟು ಹಾಕಿದವರು ಯಾರು ಎಂದು ಅವರನ್ನೇ ಕೇಳಬಹುದು. ಅದೇ ಅಜ್ಜಿಯ ಹತ್ತು ವರ್ಷದ ಗೆರೆ ಎಳೆದು ನೋಡಿ. ಹಲವು ಮನೆಗಳಲ್ಲಿ ಅದು ಹಿತ್ತಿಲು, ಬಾವಿಕಟ್ಟೆಯಾಚೆ ಹೋಗಿರುವುದಿಲ್ಲ. ಅಪ್ಪನಿಗೆ ಎದುರು ಮಾತು, ಬೇಜಾರು ಈ ಎರಡು ಪ್ರಶ್ನೆಗೆ ಹಿರಿಯರು ತಬ್ಬಿಬ್ಬಾಗುವುದೂ ಉಂಟು, ಅವರನ್ನು ಯಾರೂ ಅದುವರೆಗೆ ಕೇಳಿರುವುದಿಲ್ಲ.

ಬರೆದಿಡುವುದು

ಒಂದು ಗಂಟೆಯ ಮಾತು ಅಕ್ಷರಕ್ಕಿಳಿಯಲು ಐದಾರು ಗಂಟೆ ಬೇಕು. ಫೋನಿನ ಧ್ವನಿ ಟೈಪಿಂಗ್ ಪುಸ್ತಕದ ಕನ್ನಡಕ್ಕೆ ಪರವಾಗಿಲ್ಲ, ಕುಂದಾಪುರ ಧಾರವಾಡಗಳ ಮಾತಿಗೆ ಎಡವುತ್ತದೆ. ಸಮಯವಿಲ್ಲದಿದ್ದರೆ ಪೂರ್ತಿ ಬರೆಯಬೇಡಿ. ಐದೈದು ನಿಮಿಷಕ್ಕೆ ಒಂದು ಸಾಲು ಸೂಚಿ ಮಾಡಿ: 00:10 ಬಾವಿ, 00:15 ಮುಲ್ಕಿ ಪರೀಕ್ಷೆ, 00:20 ಅಕ್ಕನ ಮದುವೆ. ಬರೆಯುವುದಾದರೆ ಅವರ ಮಾತಿನಂತೆಯೇ ಬರೆಯಿರಿ. “ಹೋಗ್ತಿದ್ವಿ”ಯನ್ನು “ಹೋಗುತ್ತಿದ್ದೆವು” ಎಂದು ತಿದ್ದಬೇಡಿ. ಅವರು ತಪ್ಪು ಇಸವಿ ಹೇಳಿದ್ದರೆ ಅದನ್ನು ಹಾಗೇ ಬಿಟ್ಟು, ಸರಿಯಾದದ್ದನ್ನು ಅಂಚಿನಲ್ಲಿ ಬರೆಯಿರಿ.

ಫೈಲಿನ ಹೆಸರು ತಾರೀಖಿನಿಂದ ಶುರುವಾಗಲಿ, ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ. ಹಾಗಿಟ್ಟರೆ ಪಟ್ಟಿ ತಾನಾಗಿ ಸಾಲಾಗುತ್ತದೆ. ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ ಬೇರೆ ಊರಿನ ನೆಂಟರ ಮನೆಯಲ್ಲಿ, ಒಂದು ಆನ್‌ಲೈನಿನಲ್ಲಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಲಗತ್ತಿಸಿ. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ಕೇಳಿ. ವರ್ಷಾನುಗಟ್ಟಲೆ ಡ್ರಾಯರಿನಲ್ಲಿ ಬಿದ್ದ ಪೆನ್‌ಡ್ರೈವು ತೆರೆಯದೆ ಹೋಗುವುದುಂಟು. ಬರೆದದ್ದನ್ನು ದೊಡ್ಡ ಅಕ್ಷರದಲ್ಲಿ, ಹದಿನೆಂಟು ಪಾಯಿಂಟಿಗೆ ಕಡಿಮೆಯಿಲ್ಲದೆ ಮುದ್ರಿಸಿ ಹಿರಿಯರ ಕೈಗೇ ಕೊಡಿ, ಜೊತೆಗೊಂದು ಪೆನ್ಸಿಲು. ತಿದ್ದುಪಡಿ ಬರುವುದು ಖಂಡಿತ, ಅದರಲ್ಲೂ ಹೆಸರುಗಳಲ್ಲಿ.